ಖಾಲಿ ಓವನ್

ನನ್ನ ಅತ್ತೆಮನೆಯವರದು, ಬಾಯಿಬಿಟ್ಟರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಎಂದು ಹೆದರುವ ಜಾಯಮಾನ. ಮದುವೆಯಾಗಿ ಬಂದ ಹೊಸತರಲ್ಲಿ ಇವರೆಲ್ಲ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂದೇ ನಂಬಿದ್ದೆ. ಆಮೇಲೆ ಗೊತ್ತಾಯಿತು, ಇದು ಮುನಿಸಲ್ಲ, ಪ್ರೀತಿ. ಇನ್ನೊಬ್ಬರಿಗೆ ನೋವಾಗಬಾರದು ಎಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಅಡುಗೆಗೆ ಉಪ್ಪು ಜಾಸ್ತಿಯಾದರೆ ಯಾರೂ ಹೇಳುವುದಿಲ್ಲ, ಸುಮ್ಮನೆ ಎದ್ದು ಇನ್ನೊಂದು ಲೋಟ ನೀರು ಕುಡಿಯುತ್ತಾರೆ. ನನ್ನ ಗಂಡ ಒಮ್ಮೆ ಹಲ್ಲುನೋವನ್ನು ಮುಚ್ಚಿಟ್ಟುಕೊಂಡು ಓಡಾಡಿ, ಕೆನ್ನೆ ಬನ್ನಿನ ಹಾಗೆ ಊದಿದ ಮೇಲಷ್ಟೇ ಸಿಕ್ಕಿಬಿದ್ದ.

ನಾನು ಹಾಗಲ್ಲ. ಕಾರು ಓಡಿಸುವುದನ್ನು ಕಲಿಸುವುದು ನನ್ನ ಕೆಲಸ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಕೂಗುವುದಕ್ಕೇ ನನಗೆ ಸಂಬಳ. ಕಲಿಸುವವರ ಕಾರಿನಲ್ಲಿ ನಮ್ಮ ಕಾಲಿನ ಹತ್ತಿರವೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಹೋಗಿ ಕಂಬಕ್ಕೆ ಗುದ್ದುವ ಮೊದಲು ನಾವು ಅದನ್ನು ಒತ್ತಿ ಗಾಡಿ ನಿಲ್ಲಿಸುತ್ತೇವೆ. ಒತ್ತಿದ ಕೂಡಲೇ "ಬ್ರೇಕು ನನ್ನದು" ಎಂದು ಬಾಯಿಬಿಟ್ಟು ಹೇಳಬೇಕು, ಇದು ನಮ್ಮ ಕಸುಬಿನ ನಿಯಮ. ಹೇಳದಿದ್ದರೆ ಕಲಿಯುವವರು ತಮ್ಮಿಂದಲೇ ಏನೋ ತಪ್ಪಾಗಿ ಗಾಡಿ ನಿಂತಿತು ಎಂದುಕೊಂಡು ಕೈಕಾಲು ಬಿಡುತ್ತಾರೆ. ಚೆನ್ನಾಗಿ ಓಡಿಸುತ್ತಿದ್ದವರು ಹೀಗೆ ಸುಮ್ಮಸುಮ್ಮನೆ ಧೈರ್ಯ ಕಳೆದುಕೊಂಡು ಕಲಿಯುವುದನ್ನೇ ಬಿಟ್ಟು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ಗೊತ್ತಿದ್ದೂ ಆ ಭಾನುವಾರ ನನ್ನ ತಲೆಗೆ ಹೊಳೆಯಲು ಅಷ್ಟು ಹೊತ್ತು ಬೇಕಾಯಿತಲ್ಲ, ಅದು ನನಗೆ ಈಗಲೂ ಸಿಟ್ಟು ಬರಿಸುತ್ತದೆ.

ಮೊದಲು ಮಾವನ ವಿಷಯ ಹೇಳಬೇಕು. ಮಾವ ಅಗ್ನಿಶಾಮಕ ದಳದಲ್ಲಿದ್ದವರು. ಜೀವಮಾನವಿಡೀ ಬೆಂಕಿ ಆರಿಸಿ, ಈಚೆಗಷ್ಟೇ ನಿವೃತ್ತರಾಗಿ ಮನೆಯಲ್ಲಿ ಕೂತಿದ್ದರು. ಕೂತಿದ್ದರು ಎನ್ನುವುದು ಮಾತಿಗೆ. ನಿಜವಾಗಿ ಅವರು ಕೂರುತ್ತಲೇ ಇರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಕೋಣೆಯಿಂದ ಕೋಣೆಗೆ ಸುತ್ತುವುದು, ಗ್ಯಾಸಿನ ಕೊಳವೆ ಮೂಸಿ ನೋಡುವುದು, ಪ್ಲಗ್ಗು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುವುದು. ನಾನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಕಾರಿನ ಬಾನೆಟ್ಟಿನ ಮೇಲೂ ಅಂಗೈ ಇಟ್ಟು ನೋಡಿಬರುತ್ತಿದ್ದರು.

ಹಿಂದಿನ ವಾರ ಹೀಗೇ ಕಾರಿನ ಹತ್ತಿರ ನಿಂತಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮತ್ತೆಗೆ ಮರೆವು ಶುರುವಾಗಿದೆ ಕಣಮ್ಮ," ಎಂದರು.

"ಏನು ಮರೀತಾರೆ ಮಾವ?"

"ಹೀಗೇ, ಮನೆ ಕೆಲಸದಲ್ಲಿ. ಅವಳ ಹತ್ರ ಏನೂ ಕೇಳಬೇಡ, ನೊಂದ್ಕೋತಾಳೆ. ನಾನು ನೋಡ್ಕೋತಾ ಇದ್ದೀನಿ."

ಅಷ್ಟೇ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿ, ಪಕ್ಕದಲ್ಲಿದ್ದ ಬಕೆಟ್ ಎತ್ತಿಕೊಂಡು ಹೋಗಿಬಿಟ್ಟರು. ಸಂಜೆ ಗೆಳೆಯರ ಜೊತೆ ಕೇರಂ ಆಡಲು ಹೋಗುವುದನ್ನು ಅವರು ಯಾಕೆ ನಿಲ್ಲಿಸಿದ್ದಾರೆ ಎಂದು ಆಗ ನನಗೆ ಅರ್ಥವಾಯಿತು. ಹೆಂಡತಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಇನ್ನೆರಡು ಪ್ರಶ್ನೆ ಕೇಳಬೇಕಾಗಿತ್ತು. ಕೇಳಲಿಲ್ಲ. ಈ ಮನೆಯ ಗಾಳಿ ನನಗೂ ತಗುಲಿತ್ತು.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಎಲ್ಲೋ ಒಂದು ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ ಎಂದು ಬೆಳಿಗ್ಗೆಯೇ ಫೋನು ಬಂದು, ಚೀಲ ಹೆಗಲಿಗೇರಿಸಿಕೊಂಡು ಹೋಗಿದ್ದ. ಮಾವ ಹೊರಗೆ ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆ, ನಾನು ಇಬ್ಬರೇ.

ಅತ್ತೆ ಹಣ್ಣಿನ ಕಾಬ್ಲರ್ ಮಾಡಲು ಅಣಿಮಾಡಿಕೊಳ್ಳುತ್ತಿದ್ದರು. ಕಾಬ್ಲರ್ ಎಂದರೆ ಭಾರೀ ವಿದ್ಯೆಯೇನಲ್ಲ. ಆಳವಾದ ತಟ್ಟೆಯ ತಳಕ್ಕೆ ಸಕ್ಕರೆ ಬೆರೆಸಿದ ಹಣ್ಣಿನ ಹೋಳು, ಅದರ ಮೇಲೆ ಬೆಣ್ಣೆ, ಹಾಲು ಸೇರಿಸಿ ಕಲಸಿದ ಮೆತ್ತನೆಯ ಹಿಟ್ಟಿನ ಉಂಡೆಗಳು. ಓವನ್ನಿನಲ್ಲಿಟ್ಟರೆ ಕೆಳಗೆ ಹಣ್ಣು ಕುದ್ದು ರಸ ಬಿಡುತ್ತದೆ, ಮೇಲೆ ಹಿಟ್ಟು ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತದೆ. ಊಟದ ಕೊನೆಗೆ ಬಿಸಿಬಿಸಿಯಾಗಿ ಬಡಿಸಿ, ಮೇಲೆ ತಣ್ಣನೆಯ ಕೆನೆ ಸುರಿದುಕೊಂಡು ತಿನ್ನುವುದು. ತಿನ್ನುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಮಾಡುವುದರಲ್ಲಿ ನಾನು ಸೊನ್ನೆ. ನನಗೆ ಗೊತ್ತಿರುವುದು ಹೆಚ್ಚುವುದು, ತೊಳೆಯುವುದು ಮತ್ತು ಬಟ್ಟಲು ನೆಕ್ಕುವುದು.

ಪ್ಲಮ್ ಹಣ್ಣಿನ ಬೀಜ ತೆಗೆದು ಹೋಳು ಮಾಡಿಕೊಡುತ್ತಿದ್ದೆ. ಅತ್ತೆ ಪುಟ್ಟ ತಕ್ಕಡಿಯಲ್ಲಿ ಹಿಟ್ಟು ತೂಗುತ್ತಿದ್ದರು. ಅವರು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾರೆ, ನನ್ನ ಗಂಡ ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ. ಶೆಲ್ಫಿನಿಂದ ತೆಗೆಯುವಾಗ ಒಮ್ಮೆ, ಗಿರಾಕಿಯ ಕೈಗೆ ಕೊಡುವಾಗ ಇನ್ನೊಮ್ಮೆ ಹೆಸರನ್ನು ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಮನೆಯಲ್ಲೂ ಹಾಗೇ. "ಸಕ್ಕರೆ," ಎಂದು ಡಬ್ಬಿ ತೆಗೆದರು, "ಸಕ್ಕರೆ," ಎಂದು ಹಣ್ಣಿನ ಮೇಲೆ ಸುರಿದರು. ಅಂಗಡಿಯೆಂದರೆ ಅವರಿಗೆ ಜೀವ. ಬೀದಿಯವರ ಕೆಮ್ಮು, ಮಂಡಿನೋವು, ಮಕ್ಕಳ ಜ್ವರ ಎಲ್ಲ ಅವರ ಬಾಯಿಪಾಠ. ಮನೆಯಲ್ಲಿ ತುಟಿ ಪಿಟಕ್ಕೆನ್ನದ ಹೆಂಗಸು ಆ ಕೌಂಟರಿನ ಹಿಂದೆ ನಿಂತರೆ ಅರಳು ಹುರಿದ ಹಾಗೆ ಮಾತಾಡುವುದನ್ನು ನಾನು ಕದ್ದು ನೋಡಿದ್ದೇನೆ.

ಹಿಟ್ಟಿಗೆ ತಣ್ಣನೆಯ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜುತ್ತ, ತಲೆಯೆತ್ತದೆ ಹೇಳಿದರು.

"ನಂಗೆ ಮರೆವು ಶುರುವಾಗಿದೆ ಕಣೇ."

ಕೈಯಲ್ಲಿದ್ದ ಪ್ಲಮ್ ಹಣ್ಣು ಜಾರಿ ಸಿಂಕಿಗೆ ಬಿತ್ತು. ಮಾವ ಹೇಳಿದ ಮಾತು ಅಕ್ಷರ ತಪ್ಪದೆ ಅದೇ.

"ಹಾಗೆಲ್ಲ ಏನೂ ಇಲ್ಲ ಅತ್ತೆ," ಎಂದೆ. ನನ್ನ ದನಿ ನನಗೇ ಸುಳ್ಳು ಎನಿಸಿತು.

"ಸಮಾಧಾನ ಮಾಡೋಕೆ ನಿನಗೆ ಬರಲ್ಲ, ಬಿಡು. ಅದಕ್ಕೇ ನಿನ್ನ ಹತ್ರ ಹೇಳ್ತಾ ಇರೋದು. ಇವರಿಗೆ ಹೇಳಿದ್ರೆ ಊಟ ಬಿಡ್ತಾರೆ. ನನ್ನ ಮಗನಿಗೆ ಹೇಳಿದ್ರೆ ಲಿಫ್ಟು ಬಿಟ್ಟು ಓಡಿ ಬರ್ತಾನೆ." ಬೆಣ್ಣೆ ಹಿಟ್ಟಿನಲ್ಲಿ ಬೆರೆತು ಪುಡಿಪುಡಿಯಾಗುತ್ತಿತ್ತು. "ಮಾಡಿದೆ ಅಂದ್ಕೊಂಡಿರ್ತೀನಿ. ನೋಡಿದ್ರೆ ಮಾಡಿರೋದೇ ಇಲ್ಲ. ಒಂದ್ಸಲ ಅಲ್ಲ, ಎರಡ್ಸಲ ಅಲ್ಲ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಕೊನೆಕೊನೆಗೆ ನನ್ನನ್ನ ನರ್ಸಮ್ಮಾ ಅಂತ ಕರೀತಿದ್ಲು. ನರ್ಸಮ್ಮಾ, ನನ್ನ ಮಗಳು ಯಾವಾಗ ಬರ್ತಾಳೆ ಅಂತ ನನ್ನನ್ನೇ ಕೇಳೋಳು."

ನಾನು ಹಣ್ಣು ಹೆಚ್ಚುತ್ತ ನಿಂತೆ.

"ಮನೇಲಿ ಮರೆತ್ರೆ ಹಾಳಾಗಿ ಹೋಗ್ಲಿ. ಅಂಗಡೀಲಿ? ಕೊಟ್ಟೆ ಅಂದ್ಕೊಂಡ ಮಾತ್ರೆ ಬೇರೆ, ಕೊಟ್ಟಿರೋದು ಬೇರೆ ಆದ್ರೆ? ಯಾರದೋ ಮನೆ ಮಗು ಕಣೇ." ಹಿಟ್ಟಿನ ಮಧ್ಯೆ ಗುಳಿ ಮಾಡಿ ಹಾಲು ಸುರಿದರು. "ಇವತ್ತು ಊಟಕ್ಕೆ ನಮ್ಮ ಮಾಲೀಕರನ್ನ ಕರೆದಿರೋದು ಅದಕ್ಕೇ. ಈ ಕಾಬ್ಲರ್ ನಾನು ನಿದ್ದೆಗಣ್ಣಲ್ಲೂ ಮಾಡ್ತೀನಿ. ಇದರಲ್ಲೂ ಎಡವಟ್ಟು ಮಾಡ್ಕೊಂಡ್ರೆ, ಊಟ ಆದ್ಮೇಲೆ ಅವರಿಗೆ ಹೇಳಿ ಕೆಲಸ ಬಿಡ್ತೀನಿ. ಡಾಕ್ಟರು ಗೀಕ್ಟರು ಎಲ್ಲ ಆಮೇಲೆ."

"ನಾನಿಲ್ಲೇ ಇರ್ತೀನಲ್ಲ, ಎಡವಟ್ಟಾಗದ ಹಾಗೆ ನೋಡ್ಕೋತೀನಿ."

"ಅದೇ ಬೇಡ ಅನ್ನೋದು. ನೀನು ಪಕ್ಕದಲ್ಲಿದ್ರೆ ಪರೀಕ್ಷೆಲಿ ಕಾಪಿ ಹೊಡೆದ ಹಾಗಾಗತ್ತೆ. ಹೋಗಿ ಅಂಗಡಿಯಿಂದ ಕೆನೆ ತಗೊಂಡು ಬಾ. ನಿಧಾನವಾಗೇ ಬಾ."

ಅವರು ಚಮಚದಲ್ಲಿ ಹಿಟ್ಟು ತೆಗೆದು ಹಣ್ಣಿನ ಮೇಲೆ ಉಂಡೆಯುಂಡೆಯಾಗಿ ಬಿಡುತ್ತಿದ್ದರು, ಆವಿ ಹೋಗಲು ನಡುವೆ ಸಂದು ಬಿಟ್ಟು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಮರೆಯುವವರ ಕೈ ಹೀಗಿರುತ್ತದೆಯೇ ಎಂದುಕೊಂಡೆ. ಆದರೆ ಗಂಡ ಹೆಂಡತಿ ಇಬ್ಬರೂ ಬೇರೆಬೇರೆಯಾಗಿ ಬಂದು ಒಂದೇ ಮಾತು ಹೇಳಿದರೆ ನಂಬದೆ ಇರುವುದು ಹೇಗೆ. ಕಾರು ಹತ್ತಿ ಕೂತು, ಅಂಗಡಿಯವರೆಗೂ ಅಳುತ್ತಲೇ ಹೋದೆ. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವನು ಕಾರಿನ ಮೇಲಿನ ಬೋರ್ಡು ನೋಡಿ, ಕಲಿಸುವವಳೇ ಹೀಗೆ ಅಳುತ್ತಿದ್ದರೆ ಕಲಿಯುವವರ ಗತಿಯೇನು ಎಂಬಂತೆ ನೋಡಿದ.

ವಾಪಸು ಬಂದಾಗ ಮಾವ ಗೇಟಿನ ಬಳಿಯೇ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಮತ್ತೆ ಆಯ್ತು ಕಣಮ್ಮ," ಎಂದು ಪಿಸುಗುಟ್ಟಿದರು. ಕಿಟಕಿಯ ಕಡೆ ನೋಡಿ, ನನ್ನ ಮೊಣಕೈ ಹಿಡಿದು ಕಾರಿನ ಮರೆಗೆ ಎಳೆದುಕೊಂಡರು. "ಇವತ್ತು ಮಾತ್ರ ನಂಗೆ ಜೀವ ಬಾಯಿಗೆ ಬಂತು. ನೀನು ಹೋದ ತಕ್ಷಣ ಒಳಗೆ ಹೋಗಿ ನೋಡ್ತೀನಿ, ಅಡುಗೆಮನೇಲಿ ಯಾರೂ ಇಲ್ಲ. ಓವನ್ ಉರೀತಾ ಇದೆ. ಖಾಲಿ ಓವನ್ನಮ್ಮ. ಹಣ್ಣಿನ ತಟ್ಟೆ ಹೊರಗಡೆ ಕಟ್ಟೆ ಮೇಲೆ ಕೂತಿದೆ. ಒಳಗಿಡೋದನ್ನೇ ಮರೆತು, ಕೋಣೆಗೆ ಹೋಗಿ ಬಟ್ಟೆ ಹುಡುಕ್ತಾ ಕೂತಿದ್ದಾಳೆ."

"ನೀವೇನು ಮಾಡಿದ್ರಿ?"

"ಇನ್ನೇನು ಮಾಡೋದು. ಸದ್ದಿಲ್ಲದೆ ಆರಿಸಿ ಬಂದೆ. ಯಾವಾಗ್ಲೂ ಹಾಗೇ ಮಾಡೋದು. ಅವಳಿಗೆ ಗೊತ್ತಾದ್ರೆ ಎಷ್ಟು ನಾಚಿಕೆ ಆಗತ್ತೆ ಹೇಳು." ಕಣ್ಣು ತೇವವಾಗಿತ್ತು. "ಹೇಳ್ಬೇಡ, ಆಯ್ತಾ?"

ಕೆನೆಯ ಡಬ್ಬಿ ಹಿಡಿದು ಒಳಗೆ ಹೋದೆ.

ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಓವನ್ನಿನ ಬಾಗಿಲು ತೆರೆದು ಅದರ ಮುಂದೆ ನಿಂತಿದ್ದರು. ಒಂದು ಕೈ ಒಳಗೆ ಚಾಚಿದ್ದರು. ಕಾಬ್ಲರಿನ ತಟ್ಟೆ ಕಟ್ಟೆಯ ಮೇಲೆ ಹಾಗೆಯೇ ಇತ್ತು, ಬಿಳಿಯ ಉಂಡೆಗಳ ಸಂದಿನಲ್ಲಿ ಪ್ಲಮ್ಮಿನ ಕೆಂಪು ರಸ ಒಸರಿತ್ತು.

"ನೋಡು," ಎಂದರು, ನನ್ನ ಕಡೆ ತಿರುಗದೆ. "ತಣ್ಣಗಿದೆ. ಹಚ್ಚಿದೆ ಅಂತ ಪ್ರಮಾಣ ಮಾಡೋಕೆ ತಯಾರಿದ್ದೆ ನಾನು. ಗುಂಡಿ ತಿರುಗಿಸಿದ್ದು, ಕೆಂಪು ದೀಪ ಬಂದಿದ್ದು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ಹಚ್ಚೇ ಇಲ್ಲ." ಬಾಗಿಲು ಮೆಲ್ಲಗೆ ಮುಚ್ಚಿದರು. "ಪರೀಕ್ಷೆ ಮುಗೀತು. ಕೆನೆ ಫ್ರಿಜ್ಜಲ್ಲಿ ಇಡು. ಮಾಲೀಕರಿಗೆ ಹಣ್ಣನ್ನೇ ಹೆಚ್ಚಿ ಕೊಟ್ರಾಯ್ತು."

ನಾನು ಕೆನೆಯನ್ನು ಫ್ರಿಜ್ಜಿನಲ್ಲಿಟ್ಟೆ. ಬಾಗಿಲು ಮುಚ್ಚಿದೆ. ಮುಚ್ಚಿದ ಬಾಗಿಲಿನ ಹಿಡಿಯ ಮೇಲೆ ನನ್ನ ಕೈ ಹಾಗೇ ನಿಂತಿತು.

ಒಬ್ಬರು ಹೇಳುತ್ತಾರೆ, ಹಚ್ಚಿ, ತಟ್ಟೆ ಒಳಗಿಡುವುದನ್ನು ಮರೆತಳು. ಇನ್ನೊಬ್ಬರು ಹೇಳುತ್ತಾರೆ, ಹಚ್ಚುವುದನ್ನೇ ಮರೆತೆ. ಒಂದೇ ಓವನ್ನು, ಒಂದೇ ಮಧ್ಯಾಹ್ನ.

ಬ್ರೇಕು. ನನ್ನ ಮಂಕು ತಲೆಗೆ ಆಗ ಹೊಳೆಯಿತು. ಗಾಡಿ ನಿಂತದ್ದು ಓಡಿಸುವವರ ತಪ್ಪಿನಿಂದಲ್ಲ, ಪಕ್ಕದಲ್ಲಿ ಕೂತವರು ಸದ್ದಿಲ್ಲದೆ ಬ್ರೇಕು ಒತ್ತಿದ್ದರಿಂದ. ಒತ್ತಿ, ಬಾಯಿ ಬಿಡಲಿಲ್ಲ.

"ಅತ್ತೆ," ಎಂದೆ. "ಖಾಲಿ ಓವನ್ ಯಾಕೆ ಹಚ್ತಾರೆ?"

"ಯಾಕೆ ಅಂದ್ರೆ? ಮೊದಲು ಓವನ್ ಬಿಸಿಯಾಗಬೇಕಲ್ವೇನೇ. ತಣ್ಣಗಿರೋ ಓವನ್ನಲ್ಲಿ ಇಟ್ರೆ ಹಿಟ್ಟು ಉಬ್ಬದೆ ಮುದ್ದೆಯಾಗತ್ತೆ. ಹಚ್ಚಿ, ಅದು ಬಿಸಿಯಾಗೋವರೆಗೆ ಬಟ್ಟೆ ಬದಲಾಯಿಸ್ಕೊಂಡು ಬರೋಣ ಅಂತ..."

"ಮಾವಾ!"

ನನ್ನ ದನಿಯ ಬಗ್ಗೆ ಆಗಲೇ ಹೇಳಿದ್ದೇನೆ. ಪಕ್ಕದ ಮನೆಯ ನಾಯಿಯೂ ಬೊಗಳತೊಡಗಿತು. ಮಾವ ಎಣ್ಣೆಯ ಡಬ್ಬಿ ಹಿಡಿದೇ ಓಡಿ ಬಂದರು. ಬೆಂಕಿ ಬಿದ್ದಿದೆ ಎಂದುಕೊಂಡರೋ ಏನೋ, ಇನ್ನೊಂದು ಕೈಯಲ್ಲಿ ಹೊರಗಿನ ಕಾಲೊರಸು ಇತ್ತು.

"ನನಗೆ ಹೇಳಿದ್ದನ್ನ ಈಗ ಅತ್ತೆ ಮುಂದೆ ಹೇಳಿ."

"ಏನು... ಏನು ಹೇಳಿದೆ ನಾನು? ಏನೂ ಹೇಳಿಲ್ವಲ್ಲ."

"ಮಾವ, ಇವತ್ತು ನೀವು ಬಾಯಿ ಬಿಡದಿದ್ರೆ ನಾನು ಈ ಮನೆಯಲ್ಲಿ ಒಂದು ತುತ್ತು ಊಟ ಮಾಡಲ್ಲ. ಓವನ್ ಆರಿಸಿದ್ದು ಯಾರು?"

ಮಾವ ಹೆಂಡತಿಯ ಮುಖ ನೋಡಿದರು. ಕಾಲೊರಸನ್ನು ನೋಡಿದರು.

"ನಾನು," ಎಂದರು. "ಖಾಲಿ ಉರೀತಾ ಇತ್ತು. ಮರೆತಿದ್ದೀಯ ಅಂತ..."

ಅತ್ತೆ ಕಣ್ಣು ಮಿಟುಕಿಸಲಿಲ್ಲ. ಕಟ್ಟೆಯ ಅಂಚು ಹಿಡಿದುಕೊಂಡರು.

"ಉರೀತಾ ಇತ್ತಾ? ನಾನು ಹಚ್ಚಿದ್ನಾ?"

"ಹಚ್ಚಿದ್ದೆ."

"ಕೆಂಪು ದೀಪ ಬಂದಿತ್ತಾ?"

"ಬಂದಿತ್ತು. ಅದನ್ನ ನೋಡೇ ನಾನು ಹೋಗಿದ್ದು."

ಅತ್ತೆ ಒಂದು ಉಸಿರು ಬಿಟ್ಟರು. ಎಷ್ಟು ವಾರಗಳಿಂದ ಹಿಡಿದಿಟ್ಟಿದ್ದರೋ. ಆಮೇಲೆ ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಲ್ಲಿ ಕೇಳಿರದ ದನಿಯಲ್ಲಿ, ಕೌಂಟರಿನ ಹಿಂದಿನ ದನಿಯಲ್ಲಿ, ವಿಚಾರಣೆ ಶುರುಮಾಡಿದರು.

"ಅಲ್ರೀ, ಕೇಕು ಹಸಿಹಸಿಯಾಗಿ ಉಳಿದಿತ್ತಲ್ಲ, ಅವತ್ತು?"

"ಅವತ್ತೂ ಖಾಲಿ ಇತ್ತು. ಆರಿಸಿದೆ."

"ಇಸ್ತ್ರಿ ಪೆಟ್ಟಿಗೆ? ಹಾಕಿ, ಬಟ್ಟೆ ತರೋಕೆ ಹೋಗಿ ಬಂದ್ರೆ ತಣ್ಣಗೆ ಕೂತಿರೋದು?"

"ಬಟ್ಟೆಯೇ ಇಲ್ದೆ ಇಸ್ತ್ರಿ ಪೆಟ್ಟಿಗೆ ಒಂದೇ ಕಾಯ್ತಾ ಇತ್ತು ಕಣೇ. ಎಷ್ಟು ಮನೆ ಸುಟ್ಟಿರೋದು ನೋಡಿದ್ದೀನಿ ಗೊತ್ತಾ ಅದರಿಂದ?"

"ಸ್ನಾನದ ನೀರು?"

ಮಾವ ತಲೆ ತಗ್ಗಿಸಿದರು. "ನೀನು ಗೀಸರ್ ಹಾಕಿದ್ದೆ, ಆದ್ರೆ ಸ್ನಾನದ ಮನೇಲಿ ಯಾರೂ ಇರ್ಲಿಲ್ಲ."

"ನೀರು ಕಾಯೋ ಮೊದಲೇ ಒಳಗೆ ಹೋಗಿ ಕೂತ್ಕೋಬೇಕಿತ್ತೇನ್ರೀ ನಾನು? ತಣ್ಣೀರಲ್ಲಿ ಸ್ನಾನ ಮಾಡಿ ಮಾಡಿ ನೆಗಡಿ ಬಂತು. ಗೀಸರ್ ಹಾಕೋದನ್ನ ಮರೆತೆ ಅಂತ ನನ್ನನ್ನೇ ಬೈಕೊಂಡೆ."

ಒಂದೊಂದು ತಪ್ಪೂ ತನ್ನದಲ್ಲ ಎಂದು ತಿಳಿಯುತ್ತ ಹೋದ ಹಾಗೆ ಅತ್ತೆಯ ಬೆನ್ನು ನೆಟ್ಟಗಾಗುತ್ತಿತ್ತು. ಮಾವ ಬಾಗುತ್ತಿದ್ದರು. ಕೊನೆಗೆ ಅತ್ತೆ ಕೇಳಿದರು, "ಮತ್ತೆ ನನ್ನ ಕನ್ನಡಕ? ಫ್ರಿಜ್ಜಲ್ಲಿ, ಮೊಟ್ಟೆ ಪಕ್ಕ ಇತ್ತಲ್ಲ, ಅದು?"

ಮಾವ ಬಹಳ ಯೋಚನೆ ಮಾಡಿದರು. "ಅದು ನಾನಲ್ಲ."

ಅತ್ತೆ ಫ್ರಿಜ್ಜಿನ ಕಡೆ ನೋಡಿದರು.

"ಅದೊಂದು ನಂದೇ ಹಾಗಾದ್ರೆ," ಎಂದರು ಅತ್ತೆ.

"ಕನ್ನಡಕ ಏನು ಮಹಾ, ನಾನು ಕಾರಿನ ಕೀಲಿಯನ್ನ ಸೌತೆಕಾಯಿ ಜೊತೆ ಇಟ್ಟು ಹುಡುಕಿದ್ದೀನಿ," ಎಂದೆ. ಅದು ಸುಳ್ಳಲ್ಲ.

ಆಗ ಅತ್ತೆ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಗುತ್ತಲೇ ಕಣ್ಣೊರೆಸಿಕೊಂಡರು. ಮಾವ ಮಾತ್ರ ನಗಲಿಲ್ಲ. ಅಡುಗೆಮನೆಯ ಮರದ ಸ್ಟೂಲಿನ ಮೇಲೆ ಕುಸಿದು, ಕಾಲೊರಸನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ಕೇಳಿದರು.

"ಹಾಗಾದ್ರೆ ಇವಳಿಗೆ ಏನೂ ಆಗಿಲ್ವಾ?"

"ಏನೂ ಆಗಿಲ್ಲ ಮಾವ."

"ಏನೂ?"

"ಆಗಿರೋದು ನಿಮಗೆ. ಓವನ್ ಮೊದಲು ಬಿಸಿಯಾಗಬೇಕು ಅಂತ ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿರ್ಲಿಲ್ಲ, ಬಿಡಿ."

ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಇಷ್ಟು ವರ್ಷ ಇನ್ನೊಬ್ಬರ ಮನೆಯ ಬೆಂಕಿಗೆ ನುಗ್ಗಿದ ಮನುಷ್ಯ, ತನ್ನ ಮನೆಯಲ್ಲಿ ಬೆಂಕಿಯೇ ಬಿದ್ದಿಲ್ಲ ಎಂದು ಗೊತ್ತಾಗಿ ಅಳುತ್ತಿದ್ದರು. ಅತ್ತೆ ಹೋಗಿ ಅವರ ತಲೆಯ ಮೇಲೆ ಕೈಯಿಟ್ಟರು. ಕಟ್ಟೆಯ ಮೇಲೆ ಉದುರಿದ್ದ ಹಿಟ್ಟು ಮೆತ್ತಿದ ಕೈ. ಮಾವನ ಕಪ್ಪು ಬಿಳಿ ಕೂದಲಿನಲ್ಲಿ ಬೆರಳಿನ ಗುರುತು ಬಿತ್ತು, ಸಂಜೆಯವರೆಗೂ ಅದನ್ನು ಯಾರೂ ಅವರಿಗೆ ಹೇಳಲಿಲ್ಲ. ನನಗಂತೂ ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು. ಸಿಂಕಿನಲ್ಲಿ ಬಿದ್ದಿದ್ದ ಪ್ಲಮ್ ಹಣ್ಣನ್ನು ಎತ್ತಿ ತೊಳೆದು ತಿಂದೆ. ಅಷ್ಟು ರುಚಿಯಾದ ಹಣ್ಣನ್ನು ನಾನು ತಿಂದದ್ದೇ ಇಲ್ಲ.

"ಕೇರಂ ಬಿಟ್ಟು ಮನೇಲಿ ಕೂತಿದ್ದು ಇದಕ್ಕೇನಾ?" ಎಂದು ಅತ್ತೆ ಕೇಳುತ್ತಿದ್ದರು.

"ಹೂಂ."

"ನಿಮಗೆ ಬೇಜಾರು ಹಿಡಿದಿದೆ, ನಿವೃತ್ತಿ ಒಗ್ತಾ ಇಲ್ಲ ಅಂದ್ಕೊಂಡು ನಾನು ಒಳಗೊಳಗೇ ಕೊರಗ್ತಾ ಇದ್ದೆ."

ಇಬ್ಬರನ್ನೂ ಹಿಡಿದು ತಲೆಗೆ ತಲೆ ಡಿಕ್ಕಿ ಹೊಡೆಸಬೇಕು ಎನಿಸಿತು ನನಗೆ. ಹಿರಿಯರಾದ್ದರಿಂದ ಬಿಟ್ಟೆ. ಬದಲಿಗೆ ನನ್ನ ಕಸುಬಿನ ನಿಯಮವನ್ನು ಅವರ ಮನೆಗೂ ಜಾರಿ ಮಾಡಿದೆ. ಇನ್ನು ಮುಂದೆ ಈ ಮನೆಯಲ್ಲಿ ಯಾರು ಏನನ್ನು ಆರಿಸಿದರೂ, ಮುಚ್ಚಿದರೂ, ಜಾಗ ಬದಲಿಸಿದರೂ ಗಟ್ಟಿಯಾಗಿ ಹೇಳಬೇಕು, "ನಾನು ಆರಿಸಿದೆ" ಎಂದು. ಬ್ರೇಕಿನ ಕಥೆಯನ್ನೂ ಹೇಳಿದೆ. ಮಾವ ತಲೆಯಾಡಿಸುತ್ತ ಶ್ರದ್ಧೆಯಿಂದ ಕೇಳಿದರು, ಹೊಸದಾಗಿ ಲೈಸೆನ್ಸಿಗೆ ಬಂದವರ ಹಾಗೆ.

ಅತ್ತೆ ಮತ್ತೆ ಓವನ್ನಿನ ಗುಂಡಿ ತಿರುಗಿಸಿದರು. ಕೆಂಪು ದೀಪ ಹತ್ತಿತು. ಮೂವರೂ ನಿಂತು ಅದನ್ನು ನೋಡಿದೆವು. ಓವನ್ ಬಿಸಿಯಾದ ಮೇಲೆ ತಟ್ಟೆಯನ್ನು ಒಳಗಿಟ್ಟು, ಅತ್ತೆ ಮಿಕ್ಕ ಅಡುಗೆಗೆ ತಿರುಗಿಕೊಂಡರು. ಮಾವ ಸ್ಟೂಲನ್ನು ಎಳೆದುಕೊಂಡು ಓವನ್ನಿನ ಮುಂದೆ ಕೂತರು.

"ಅಲ್ಲಿ ಕೂರೋದೇನೂ ಬೇಡ ಕಣ್ರೀ, ಅದರಷ್ಟಕ್ಕೆ ಅದು ಬೇಯತ್ತೆ."

"ಇರ್ಲಿ, ಕೂರ್ತೀನಿ. ಆರಿಸದೆ ಸುಮ್ನೆ ನೋಡೋಕೆ ಅಭ್ಯಾಸ ಮಾಡ್ಕೋಬೇಕಲ್ಲ."

ಅವರು ಮೊಣಕಾಲಿನ ಮೇಲೆ ಕೈಯೂರಿ, ಗಾಜಿನ ಬಾಗಿಲಿನ ಆಚೆ ಹಿಟ್ಟು ಉಬ್ಬುವುದನ್ನು ರೆಪ್ಪೆ ಬಡಿಯದೆ ನೋಡಿದರು. ಸಂದಿನಲ್ಲಿ ಮೊದಲ ರಸದ ಗುಳ್ಳೆ ಎದ್ದಾಗ ಅವರ ಕೈ ತಾನಾಗಿಯೇ ಗುಂಡಿಯ ಕಡೆ ಹೋಯಿತು. ಅರ್ಧ ದಾರಿಯಲ್ಲಿ ತಡೆದು, ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಬೆಣ್ಣೆಯ, ಹಣ್ಣಿನ ಘಮ ಮನೆ ತುಂಬಿತು. ನನ್ನ ಗಂಡ ಬಂದು, ಚೀಲ ಇಳಿಸಿ, ಅಪ್ಪನ ತಲೆಯ ಮೇಲಿನ ಹಿಟ್ಟಿನ ಕೈಗುರುತನ್ನೂ ಅಮ್ಮನ ಕೆಂಪಾದ ಕಣ್ಣನ್ನೂ ನೋಡಿದ. ಏನೂ ಕೇಳಲಿಲ್ಲ. ಆ ಮನೆಯ ಮಗನಲ್ಲವೇ. ನಾನೇ ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡು, "ಗೀಸರ್ ನಾನೂ ಒಂದೆರಡು ಸಲ ಆರಿಸಿದ್ದೆ," ಎಂದ. ನಾನು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಮಾಲೀಕರು ಬಂದರು. ತೆಳ್ಳಗಿನ, ಎಲ್ಲದಕ್ಕೂ ಕನ್ನಡಕ ಸರಿಮಾಡಿಕೊಳ್ಳುವ ಮನುಷ್ಯ. ಊಟವೆಲ್ಲ ಅಂಗಡಿಯ ಮಾತಿನಲ್ಲೇ ಕಳೆಯಿತು. ಕೊನೆಗೆ ಅತ್ತೆ ಕಾಬ್ಲರಿನ ತಟ್ಟೆಯನ್ನು ಬಟ್ಟೆಯಲ್ಲಿ ಹಿಡಿದು ತಂದು ಮೇಜಿನ ನಡುವೆ ಇಟ್ಟರು. ಹಿಂದೆಯೇ ಅಡುಗೆಮನೆಯಿಂದ ಮಾವನ ದನಿ ಕೇಳಿಸಿತು, ಮೈದಾನದಲ್ಲಿ ದಳಕ್ಕೆ ಆಜ್ಞೆ ಕೊಡುವಷ್ಟು ಜೋರಾಗಿ.

"ಓವನ್ ಆರಿಸಿದ್ದೀನಿ. ನಾನು ಆರಿಸಿದ್ದು."

"ಗೊತ್ತಾಯ್ತು," ಎಂದರು ಅತ್ತೆ. ಮಾಲೀಕರು ಬೆಚ್ಚಿ ಕನ್ನಡಕ ಸರಿಮಾಡಿಕೊಂಡರು.

ಹಿಟ್ಟಿನ ಮೇಲ್ಪದರ ಗರಿಗರಿ, ಒಳಗೆ ಹತ್ತಿಯಂತೆ ಮೆತ್ತಗೆ. ಪ್ಲಮ್ಮಿನ ಹುಳಿ, ಸಕ್ಕರೆಯ ಸಿಹಿ, ತಣ್ಣನೆಯ ಕೆನೆ ಎಲ್ಲ ಬಾಯಲ್ಲಿ ಒಟ್ಟಿಗೆ ಕರಗಿತು. ಮಾಲೀಕರು ಎರಡನೇ ಸಲ ಹಾಕಿಸಿಕೊಂಡರು. ಹಾಕಿಸಿಕೊಂಡು ಚಮಚ ಕೆಳಗಿಟ್ಟರು.

"ನೀವೇನೋ ಮುಖ್ಯವಾದ ವಿಷಯ ಹೇಳ್ಬೇಕು ಅಂದಿದ್ರಿ," ಎಂದು ಅತ್ತೆಯನ್ನು ಕೇಳಿದರು. ಅವರ ಮುಖದಲ್ಲೂ ಅಳುಕು ಇತ್ತು. ಇಷ್ಟು ಹೊತ್ತು ಅವರೂ ಅದನ್ನೇ ನುಂಗಿಕೊಂಡು ಕೂತಿದ್ದರು ಎಂದು ಕಾಣುತ್ತದೆ.

ಮೇಜಿನ ಸುತ್ತ ಎಲ್ಲರ ಚಮಚಗಳೂ ನಿಂತವು. ಅತ್ತೆ ತಮ್ಮ ಬಟ್ಟಲಿನಲ್ಲಿದ್ದ ಕೊನೆಯ ತುತ್ತನ್ನು ನಿಧಾನವಾಗಿ ಮುಗಿಸಿದರು.

"ಹೌದು," ಎಂದರು. "ಮೇಲಿನ ಶೆಲ್ಫು ನನಗೆ ಎಟಕೋದಿಲ್ಲ. ಎಷ್ಟೋ ವರ್ಷದಿಂದ ಹೇಳ್ಬೇಕು ಅಂದ್ಕೊಂಡೆ, ಹೇಳ್ಲಿಲ್ಲ. ಒಂದು ಸ್ಟೂಲ್ ಬೇಕು."

"ಅಷ್ಟೇನಾ?"

"ಅಷ್ಟೇ."

ಮಾಲೀಕರು ಜೋರಾಗಿ ನಕ್ಕು, ನಾಳೆಯೇ ತರಿಸುತ್ತೇನೆ ಎಂದರು. ಮಾವ ಏನೂ ಹೇಳದೆ ಎದ್ದು ಒಳಗೆ ಹೋದರು. ಏನನ್ನೋ ಎತ್ತಿದ ಸದ್ದು, ಹಜಾರದಲ್ಲಿ ನಡೆದ ಸದ್ದು, ಮುಂಬಾಗಿಲ ಹತ್ತಿರ ಕೆಳಗಿಟ್ಟ ಸದ್ದು ಕೇಳಿಸಿತು. ವಾಪಸು ಬಂದು, ಕುರ್ಚಿಯಲ್ಲಿ ಕೂತು, ಬಟ್ಟಲು ಹತ್ತಿರಕ್ಕೆ ಎಳೆದುಕೊಂಡರು. ಒಂದು ಚಮಚ ಬಾಯಿಗಿಡಲು ಹೋದವರು ನಿಂತರು. ನನ್ನ ಕಡೆ ನೋಡಿ, ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ನಮ್ಮ ಸ್ಟೂಲು ಬಾಗಿಲ ಹತ್ರ ಇಟ್ಟಿದ್ದೀನಿ, ಬೆಳಿಗ್ಗೆ ಅಂಗಡಿಗೆ ತಗೊಂಡು ಹೋಗೋಕೆ," ಎಂದರು. "ನಾನೇ ಇಟ್ಟಿದ್ದು."